ದೊಡ್ಡಪ್ಪ ಆಡದ ಮಾತು

ನಮ್ಮ ಕಡೆ ನಾನು ಅಣಕಿಸದ ಮನುಷ್ಯರು ಕಡಿಮೆ. ಊಟಿ ಬಸ್ಸಿನ ಕಂಡಕ್ಟರು ಮೂಗಿನಲ್ಲೇ ಟಿಕೆಟ್ ಕೇಳುವುದು, ತರಕಾರಿ ಮಂಡಿಯವರು ತಮಿಳಿನಲ್ಲಿ ವ್ಯಾಪಾರ ಶುರು ಮಾಡಿ ಬೈಯುವ ಹೊತ್ತಿಗೆ ಕನ್ನಡಕ್ಕೆ ಹೊರಳುವುದು, ನಮ್ಮಪ್ಪ ಜೋರಾಗಿ ಸೀನಿದ ಮೇಲೆ ಯಾರಾದರೂ ನೋಡಿದರೋ ಎಂದು ಸುತ್ತ ಕಣ್ಣಾಡಿಸುವುದು, ಎಲ್ಲ ನನ್ನ ಹತ್ತಿರ ಇದೆ. ನನ್ನನ್ನೂ ಬಿಟ್ಟಿಲ್ಲ. ಹುಡುಗಿಯರು ಎದುರು ಬಂದರೆ ನಾನು ಹೊಟ್ಟೆ ಒಳಗೆಳೆದುಕೊಂಡು, ದೂರದ ಗುಡ್ಡದಲ್ಲಿ ಏನೋ ಕೆಲಸವಿರುವವನ ಹಾಗೆ ನೋಡುತ್ತಾ ನಿಲ್ಲುವುದನ್ನು ನಾನೇ ಮಾಡಿ ತೋರಿಸಿ ಎಷ್ಟೋ ಸಲ ಪುಕ್ಕಟೆ ಚಹಾ ಕುಡಿದಿದ್ದೇನೆ. ನಗಿಸುವುದಕ್ಕಲ್ಲದೆ ಬೇರೆ ಕಾರಣಕ್ಕೆ ಅಣಕಿಸಿದ್ದು ಒಬ್ಬರನ್ನು ಮಾತ್ರ. ಅವರು ನನ್ನ ದೊಡ್ಡಪ್ಪ, ನಮ್ಮಪ್ಪನ ಅಣ್ಣ.

ನಮ್ಮದು ತಾತನ ಕಾಲಕ್ಕೆ ಗುಂಡ್ಲುಪೇಟೆ ಕಡೆಯಿಂದ ಘಾಟಿ ಹತ್ತಿ ಬಂದು, ನಂಜನಾಡಿನ ಹತ್ತಿರ ಆಲೂಗಡ್ಡೆ, ಕ್ಯಾರೆಟ್ ಬೆಳೆದುಕೊಂಡು ಉಳಿದ ಮನೆ. ದೊಡ್ಡಪ್ಪ ಹತ್ತಿರದ ವೆಲ್ಲಿಂಗ್ಟನ್‌ನಲ್ಲಿ ಸೈನ್ಯಕ್ಕೆ ಸೇರಿದರು. ಉತ್ತರದ ಹಿಮದ ಗುಡ್ಡಗಳಲ್ಲಿ ಯುದ್ಧ ನಡೆದ ವರ್ಷ ಅಲ್ಲೇ ತೀರಿಕೊಂಡರು. ಆಗ ನನಗೆ ಒಂದೂವರೆ ವರ್ಷ. ಅವರು ನನ್ನನ್ನು ಎತ್ತಿಕೊಂಡಿರುವ ಫೋಟೋ ಒಂದಿದೆ. ಅದರಲ್ಲಿ ನಾನು ಅವರ ಮೀಸೆ ಹಿಡಿದು ಎಳೆಯುತ್ತಿದ್ದೇನೆ. ಹಿರಿಯರ ಮರ್ಯಾದೆ ತೆಗೆಯುವುದನ್ನು ಅಷ್ಟು ಬೇಗ ಶುರು ಮಾಡಿದವನು ನಾನು.

ತೀರಿಕೊಳ್ಳುವ ಕೆಲವು ವಾರ ಮುಂಚೆ ಅವರು ಅಜ್ಜಿಗೆ ಒಂದು ಕ್ಯಾಸೆಟ್ ಕಳಿಸಿದ್ದರು. ಅಜ್ಜಿಗೆ ಓದು ಬಾರದು. ಮಗನ ಕಾಗದವನ್ನು ಬೇರೆಯವರ ಬಾಯಲ್ಲಿ ಕೇಳಬೇಕು ಎಂದು ಆಕೆ ಗೊಣಗಿದ್ದಕ್ಕೆ ಆ ಕ್ಯಾಸೆಟ್. ಒಟ್ಟು ನಾಲ್ಕು ನಿಮಿಷದ ಮಾತು. ನಮ್ಮ ಮನೆಯಲ್ಲಿ ಅದನ್ನು ವರ್ಷಕ್ಕೆ ಒಂದೇ ಸಲ ಹಾಕುತ್ತಿದ್ದರು, ಮಹಾಲಯ ಅಮಾವಾಸ್ಯೆಯ ದಿನ.

ಅವತ್ತು ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ನಡುಮನೆಯಲ್ಲಿ ಬಾಳೆ ಎಲೆ ಹಾಸಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸುವುದು. ತಾತನಿಗೆ ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ. ದೊಡ್ಡಪ್ಪನಿಗೆ ಉದ್ದಿನ ವಡೆ, ಮಿಲಿಟರಿ ಕ್ಯಾಂಟೀನಿನ ರಮ್ಮು. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಅಂಗಳಕ್ಕೆ ಬಂದು ನಿಲ್ಲಬೇಕು. ಬದುಕಿರುವವರು ನೋಡುತ್ತಿದ್ದರೆ ಸತ್ತವರು ಉಣ್ಣುವುದಿಲ್ಲವಂತೆ. ಅಪ್ಪ ಕೊನೆಗೆ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ, ಓಡಿ ಹೊರಗೆ ಬಂದು, ಬಾಗಿಲು ಎಳೆದುಕೊಳ್ಳುತ್ತಿದ್ದ. ಮುಚ್ಚಿದ ಬಾಗಿಲ ಹಿಂದೆ, ಎಡೆಯ ಮುಂದೆ, ದೊಡ್ಡಪ್ಪ ಮಾತಾಡುತ್ತಿದ್ದರು. ಅಜ್ಜಿ ಬಾಗಿಲಿಗೆ ಕಿವಿ ಒತ್ತಿ ಕೂತು ಪ್ರತಿ ಮಾತಿಗೂ ಉತ್ತರ ಕೊಡುತ್ತಿದ್ದಳು.

“ಅವ್ವಾ, ಸಂದಾಗಿದ್ದಯಾ?”

“ಇವ್ನಿ ಮೊಗಾ, ಇವ್ನಿ.”

“ಇಲ್ಲಿ ಚಳಿ ಅಂತ ಎಲ್ರೂ ನಡುಗ್ತಾವ್ರೆ. ನಮ್ ಹೊಲದ್ ಹಿಮದಲ್ಲಿ ಬರಿಗಾಲಲ್ಲಿ ನಡ್ದೋನಿಗೆ ಇದ್ಯಾವ್ ಚಳಿ ಅವ್ವಾ!”

“ಆದ್ರೂವೆ ತಲೆಗ್ ಬಟ್ಟೆ ಕಟ್ಕೊ.”

ಕೊನೆಯ ಅರ್ಧ ನಿಮಿಷ ಮಾತ್ರ ಯಾರಿಗೂ ಕೇಳುತ್ತಿರಲಿಲ್ಲ. ಅಲ್ಲಿ ಗಾಳಿಯದೋ ಯಂತ್ರದ್ದೋ ಗುರ್ ಎನ್ನುವ ಸದ್ದು. ಏನು ಹೇಳಿರಬಹುದು ಎಂದು ಪ್ರತಿ ವರ್ಷ ಜಗಳ. ಊರಿಗೆ ಬತ್ತೀನಿ ಅಂದವ್ನೆ ಎಂದು ಅಜ್ಜಿ. ಆಲೂಗಡ್ಡೆ ಏನ್ ರೇಟು ಅಂತ ಕೇಳವ್ನೆ ಎಂದು ಅಪ್ಪ. ಸಾಯಲು ಹೊರಟವನೂ ಆಲೂಗಡ್ಡೆ ರೇಟು ಕೇಳುತ್ತಾನೆ ಎಂದು ನಂಬುವುದು ನಂಜನಾಡಿನವರಿಗೆ ಮಾತ್ರ ಸಾಧ್ಯ.

ಆ ಕ್ಯಾಸೆಟ್ಟನ್ನು ಅಳಿಸಿದವನು ನಾನು. ಹದಿನೈದು ವರ್ಷ, ದನಿ ಆಗತಾನೇ ಒಡೆದಿತ್ತು, ಶಾಲೆಯ ವಾರ್ಷಿಕೋತ್ಸವಕ್ಕೆ ಮಿಮಿಕ್ರಿ ತಯಾರಿ ಮಾಡುತ್ತಿದ್ದೆ. ನನ್ನ ದನಿ ನಾನೇ ಕೇಳಿಸಿಕೊಂಡು ತಿದ್ದಿಕೊಳ್ಳಬೇಕಿತ್ತು. ಮನೆಯಲ್ಲಿದ್ದ ಫೋನಿನಲ್ಲಿ ಆ ಸೌಕರ್ಯ ಇರಲಿಲ್ಲ. ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು ಖಾಲಿ ಎಂದು ಗೊತ್ತಿತ್ತು. ಚೀಟಿ ಸವೆದುಹೋಗಿದ್ದರಿಂದ ಯಾವ ಮಗ್ಗುಲು ಯಾವುದೆಂದು ಸ್ವಲ್ಪ ಹಾಕಿ ಕೇಳಿ ನೋಡಬೇಕಿತ್ತು. ನೋಡಲಿಲ್ಲ. ಹೆಡ್‌ಮಾಸ್ಟರು, ಕಂಡಕ್ಟರು, ಮಂಡಿಯವರು, ಮೂವರೂ ಸೇರಿ ನಾಲ್ಕು ನಿಮಿಷದಲ್ಲಿ ದೊಡ್ಡಪ್ಪನನ್ನು ಮುಗಿಸಿದರು. ಹಿಂದಕ್ಕೆ ಸುತ್ತಿ ಹಾಕಿದಾಗ ಅವರ ದನಿ ಎಲ್ಲೂ ಇರಲಿಲ್ಲ. ನನ್ನ ನಗು ಇತ್ತು.

ಅಮಾವಾಸ್ಯೆಗೆ ಒಂಬತ್ತು ದಿನ. ಹೇಳಿಬಿಡೋಣ ಎಂದು ಅಜ್ಜಿಯ ಹತ್ತಿರ ಮೂರು ಸಲ ಹೋದೆ. ಮೂರು ಸಲವೂ ಆಕೆ, “ಏನ್ಲಾ, ಏನ್ ಬೇಕು, ಮುಖ ಯಾಕಿಂಗ್ ಮಾಡ್ಕಂಡಿದ್ದೀಯೆ? ಯಾರ್ನ ಅಣಕುಸ್ತಾ ಇದ್ದೀಯ?” ಅಂದಳು. ವಾಪಸ್ಸು ಬಂದೆ.

ಆಲೂಗಡ್ಡೆ ಗೋದಾಮಿನೊಳಗೆ ಕೂತು ದೊಡ್ಡಪ್ಪನನ್ನು ಕಲಿತೆ. ಮಾತುಗಳು ಬಾಯಿಪಾಠ ಇದ್ದವು. ಎಲ್ಲಿ ನಿಲ್ಲಿಸುತ್ತಾರೆ, ಎಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಾರೆ, ‘ಅವ್ವಾ’ ಎನ್ನುವಾಗ ಯಾವ ಅಕ್ಷರ ಎಳೆಯುತ್ತಾರೆ, ಎಲ್ಲ ಗೊತ್ತಿತ್ತು. ಬಾಯಿಗೆ ಹಿತ್ತಾಳೆ ಲೋಟ ಅಡ್ಡ ಹಿಡಿದು ಮಾತಾಡಿದರೆ ದೂರದ ದನಿಯ ಹಾಗೆ ಆಗುತ್ತಿತ್ತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಕೊನೆಯ ಗುರ್ ಸದ್ದನ್ನು ಮಾಡಲು ನನಗೆ ಬರಲಿಲ್ಲ. ಎಷ್ಟು ಸಲ ಮಾಡಿದರೂ ಕೆಟ್ಟ ಜೀಪಿನ ಹಾಗೆ ಕೇಳುತ್ತಿತ್ತು. ಅದರ ಬದಲು ಮಾತು ಸೇರಿಸಿ, ಎಲ್ಲವನ್ನೂ ಅದೇ ಕ್ಯಾಸೆಟ್ಟಿಗೆ ತುಂಬಿದೆ. ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಹೊಡೆಯುತ್ತಿದ್ದ ವಯಸ್ಸು, ನಾಲಿಗೆಯ ತುದಿಯಲ್ಲೇ ಇತ್ತು.

“ಅವ್ವಾ, ನಾನ್ ಬರ್ದಿದ್ರೂ ಅಳ್ಬ್ಯಾಡ. ಮಗ್ನ ದೇಸಕ್ ಕೊಟ್ಟೋಳು ಅಂತ ತಲೆ ಎತ್ಕಂಡ್ ಓಡಾಡು.”

ಅಮಾವಾಸ್ಯೆ ಬಂತು. ಅಪ್ಪ ಆ ವರ್ಷ, ಯಾಕೋ ಏನೋ, ಬೆಳಿಗ್ಗೆ ಕೂತು ಟೇಪ್ ರೆಕಾರ್ಡರಿನಲ್ಲಿ ಟೇಪು ಉಜ್ಜುವ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದ. ಎಡೆ ಇಟ್ಟು, ಗುಂಡಿ ಒತ್ತಿ, ಬಾಗಿಲು ಎಳೆದುಕೊಂಡ. ನಾನು ಎಲ್ಲರ ಹಿಂದೆ ಹೋಗಿ ನಿಂತೆ. ಅಜ್ಜಿ ಎಂದಿನಂತೆ ಬಾಗಿಲಿಗೆ ಕಿವಿ ಕೊಟ್ಟು ಉತ್ತರ ಹೇಳುತ್ತಾ ಹೋದಳು. ಕೊನೆಗೆ ಆ ಮಾತು ಬಂತು. ಅಜ್ಜಿ ಕೈ ಬಾಗಿಲ ಮೇಲೆ ಹಾಗೇ ಇಟ್ಟುಕೊಂಡು ಕೂತುಬಿಟ್ಟಳು.

ಅಪ್ಪ ಕಣ್ಣೊರೆಸಿಕೊಳ್ಳುತ್ತಾ ಅಂದ, “ನೋಡ್ದಾ ಅವ್ವಾ? ಇಷ್ಟು ವರ್ಸ ಹೆಡ್ಡಲ್ಲಿ ಕಸ ಇತ್ತು ಕನ. ಕ್ಲೀನ್ ಮಾಡ್ತಿದ್ದಂಗೆ ಅಣ್ಣ ಅಂದಿದ್ದು ಕೇಳ್ತು.”

ಆ ಹೆಡ್ ಕ್ಲೀನ್ ಮಾಡಿದ್ದನ್ನು ಅಪ್ಪ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾನೆ. ಅವನ ಜೀವನದ ದೊಡ್ಡ ಸಾಧನೆ ಅದು. ಬಂದವರಿಗೆಲ್ಲ ಹೇಳಿ ಹೇಳಿ ಮಾತು ಶಾಲೆಗೆ ಹೋಯಿತು. ಶಾಲೆಯಿಂದ ಊರಿನ ಹಿರಿಯರಿಗೆ ಹೋಯಿತು. ಎರಡು ವರ್ಷದ ಮೇಲೆ ಬಸ್ ಸ್ಟಾಪಿನ ಪಕ್ಕ ದೊಡ್ಡಪ್ಪನ ನೆನಪಿಗೆ ಕರಿಕಲ್ಲು ನಿಲ್ಲಿಸಿದರು. ಅವರ ಮುಖದ ಕೆಳಗೆ ತಮಿಳಿನಲ್ಲೂ ಕನ್ನಡದಲ್ಲೂ ಆ ಮಾತು ಕೆತ್ತಿಸಿದ್ದಾರೆ. ಧ್ವಜ ಹಾರಿಸುವ ದಿನಗಳಲ್ಲಿ ಅಲ್ಲಿ ಹಾರ, ಮೈಕು, ಸೆಲ್ಯೂಟು. ಸಣ್ಣ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅದನ್ನು ಓದಿಸುತ್ತಾರೆ. ಅಜ್ಜಿ ಮುಂದಿನ ಕುರ್ಚಿಯಲ್ಲಿ ಕೂರುತ್ತಾಳೆ, ಅಳುವುದಿಲ್ಲ, ತಲೆ ಎತ್ತಿರುತ್ತಾಳೆ. ಕುತ್ತಿಗೆ ನೋವಿದ್ದರೂ ಎತ್ತಿರುತ್ತಾಳೆ. ಹತ್ತು ವರ್ಷದಿಂದ ನಮ್ಮೂರು ನನಗೇ ಕೈ ಮುಗಿಯುತ್ತಿದೆ. ಬೇರೆ ಯಾವ ಮಿಮಿಕ್ರಿ ಕಲಾವಿದನಿಗೂ ಇಷ್ಟು ದೊಡ್ಡ ಚಪ್ಪಾಳೆ ಬಿದ್ದಿರಲಾರದು.

ಮೊದಮೊದಲು ಏಟಿಗೆ ಹೆದರಿ ಹೇಳಲಿಲ್ಲ. ಆಮೇಲೆ ಕಲ್ಲಿಗೆ ಹೆದರಿ ಹೇಳಲಿಲ್ಲ.

ಈ ವರ್ಷ ಅಮಾವಾಸ್ಯೆಗೆ ದೊಡ್ಡವ್ವ ಬಂದರು. ದೊಡ್ಡಪ್ಪನ ಹೆಂಡತಿ. ಗಂಡ ತೀರಿದ ಮೇಲೆ ಮೂರು ವರ್ಷ ನಮ್ಮ ಮನೆಯಲ್ಲೇ ಇದ್ದು, ಆಮೇಲೆ ಗೂಡಲೂರಿನಲ್ಲಿ ತಮ್ಮನ ಮನೆಗೆ ಹೋಗಿ ಬಟ್ಟೆ ಹೊಲಿದುಕೊಂಡು ಬದುಕಿದವರು. ಗಂಡನಿಗೆ ಅಲ್ಲೇ ಎಡೆ ಇಡುತ್ತಿದ್ದರು, ಅಮಾವಾಸ್ಯೆಗೆ ಇಲ್ಲಿಗೆ ಬಂದವರೇ ಅಲ್ಲ. ಈ ಸಲ ಬಸ್ಸಿಳಿದು ಬಂದು, “ಅತ್ತೆಗೂ ವಯಸ್ಸಾಯ್ತು, ನಂಗೂ ಆಯ್ತು. ಒಂದ್ಸಲ ಇಬ್ರೂ ಸೇರಿ ಇಡುವಾ ಅನ್ನುಸ್ತು,” ಅಂದರು.

ಅಪ್ಪನಿಗೆ ಖುಷಿ. ನನಗಲ್ಲ. ಹಳೆಯ ಕ್ಯಾಸೆಟ್ಟನ್ನು ಆ ಮೂರು ವರ್ಷ ಕೇಳಿದವರು ಅವರು. ಅದಕ್ಕಿಂತ ಹೆಚ್ಚಾಗಿ, ಆ ಗಂಟಲಿನ ಪಕ್ಕ ಮಲಗಿದ್ದವರು. ಏನೋ ನೆಪ ಹೇಳಿ ಟೇಪ್ ರೆಕಾರ್ಡರನ್ನು ಕೆಡಿಸಿಬಿಡೋಣ ಎಂದುಕೊಂಡೆ. ಆದರೆ ಎಂಬತ್ತು ದಾಟಿದ, ಕಣ್ಣಿಗೆ ಪೊರೆ ಬಂದು ಮಬ್ಬಾದ ಅಜ್ಜಿ ಬೆಳಗಿನಿಂದ ಸ್ನಾನ ಮಾಡಿ, ಹೊಸ ಸೀರೆ ಉಟ್ಟು, ಬಾಗಿಲ ಹತ್ತಿರ ಕೂತಾಗಿತ್ತು.

ಎಡೆ ಇಟ್ಟೆವು. ಅಪ್ಪ ಗುಂಡಿ ಒತ್ತಿ ಹೊರಗೆ ಬಂದ. ಒಳಗಿನಿಂದ ಹದಿನೈದು ವರ್ಷದ ನಾನು ಮಾತಾಡತೊಡಗಿದೆ. ದೊಡ್ಡವ್ವ ಸೆರಗು ಹೊದ್ದು ಬಾಗಿಲನ್ನೇ ನೋಡುತ್ತಿದ್ದರು. ಅರ್ಧ ನಿಮಿಷಕ್ಕೆ ಅವರ ಹುಬ್ಬು ಒಂದಿಷ್ಟು ಗಂಟಾಯಿತು. ಕೊನೆಯ ಮಾತು ಬಂದಾಗ ಅವರು ಬಾಗಿಲಿನಿಂದ ಕಣ್ಣು ತೆಗೆದು ಅಂಗಳದಲ್ಲಿದ್ದವರನ್ನು ಒಬ್ಬೊಬ್ಬರಾಗಿ ನೋಡಿದರು. ಅಪ್ಪನನ್ನು, ಅಮ್ಮನನ್ನು. ಆಮೇಲೆ ನನ್ನನ್ನು. ನನ್ನ ಮೇಲೆ ನಿಂತ ಕಣ್ಣು ಬಾಗಿಲು ತೆರೆಯುವವರೆಗೂ ಕದಲಲಿಲ್ಲ.

ಎಲ್ಲರೂ ಒಳಗೆ ಬಂದು, ಎಡೆಗೆ ಕೈ ಮುಗಿದು, ಉಂಡಿದ್ದಾಯಿತು. ಎಲೆ ಎತ್ತಿದ ಮೇಲೆ ದೊಡ್ಡವ್ವ ಅಜ್ಜಿಯ ಪಕ್ಕ ಬಂದು ಕೂತು, ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಏನನ್ನೋ ತೆಗೆದರು.

“ಅತ್ತೆ, ನನ್ ಹತ್ರಾನೂ ಒಂದದೆ. ಅವರು ನಂಗೆ ಕಳ್ಸಿದ್ದು. ಇಷ್ಟು ವರ್ಸ ಯಾರ್ಗೂ ಕೇಳ್ಸಿಲ್ಲ. ನೀವ್ ಕೇಳ್ಬೇಕು. ಹೆತ್ತೋರು ನೀವು, ನಾನೊಬ್ಳೇ ಇಟ್ಕಂಡ್ ಎಷ್ಟು ದಿನ ಅಂತ ಇರ್ಲಿ?”

“ನನ್ ಮಗಂದು ಇನ್ನೊಂದಾ? ಹಾಕ್ಲಾ, ಹಾಕು,” ಎಂದು ಅಜ್ಜಿ ಅಪ್ಪನಿಗೆ ಅವಸರ ಮಾಡಿದಳು.

ಈ ಸಲ ಬಾಗಿಲು ಮುಚ್ಚಲಿಲ್ಲ. ದನಿ ನಮ್ಮ ಮಧ್ಯೆಯೇ ಬಂತು. ಸಣ್ಣ ದನಿ, ಶೀತಕ್ಕೆ ಮೂಗು ಕಟ್ಟಿದ್ದು, ಯಾರಿಗೋ ಕೇಳಬಾರದೆಂದು ಹತ್ತಿರ ಹಿಡಿದು ಅವಸರದಲ್ಲಿ ಆಡಿದ್ದು.

“ಕೈ ಬೆಳ್ಳು ಚಳೀಗೆ ಸೆಟ್ಕಂಡವೆ, ಬರೆಯಕ್ಕಾಯ್ತಿಲ್ಲ, ಅದ್ಕೇ ಇದು. ನಮ್ ಜೊತೆ ಇದ್ದ ಇಬ್ರು ಇಲ್ಲ. ನಾಳೆ ನಮ್ನ ಮೇಲಕ್ಕೆ ಕಳುಸ್ತಾರಂತೆ. ನಾನೇನು ಧೈರ್ಯದೋನಲ್ಲ, ನಿಂಗ್ ಗೊತ್ತಲ್ಲ. ಭಯ ಆಯ್ತದೆ ಕಣೆ. ಬೆಳಗಾಗದೇ ಬ್ಯಾಡ ಅನ್ನುಸ್ತದೆ. ಆಗ್ತದೆ, ಓಯ್ತೀನಿ. ಓಗ್ದೆ ಇರಕ್ಕಾಯ್ತದಾ. ಅವ್ವಂಗ್ ಇದೆಲ್ಲ ಹೇಳ್ಬ್ಯಾಡ...”

ಆಮೇಲೆ ಮಾತಿರಲಿಲ್ಲ. ಒಬ್ಬ ಗಂಡಸು ಬಾಯಿಗೆ ಬಟ್ಟೆ ಒತ್ತಿಕೊಂಡು ಅಳುವ ಸದ್ದು ಸ್ವಲ್ಪ ಹೊತ್ತು. ಗುಂಡಿ ಒತ್ತಿದ ಸದ್ದು.

ಅಜ್ಜಿ ತಲೆ ಒಂದು ಕಡೆ ವಾಲಿಸಿ ಕೂತಿದ್ದಳು. “ಯಾರ್ದಿದು?” ಅಂದಳು.

“ನಿಮ್ ಮಗಂದು ಅತ್ತೆ.”

“ಅಲ್ಲ. ನನ್ ಮಗನ್ ದನಿ ನಂಗೊತ್ತಿಲ್ವಾ? ವರ್ಸ ವರ್ಸ ಕೇಳ್ತಿಲ್ವಾ ನಾನು? ಗಂಟೆ ಹೊಡ್ದಂಗದೆ ಅವಂದು. ಇವನ್ಯಾವನೋ ಅಳ್ಬುರ್ಕ.”

“ಅತ್ತೆ, ಸರ್ಯಾಗಿ ಕೇಳಿ...”

“ಹಬ್ಬದ್ ದಿನ ಯಾವನ್ದೋ ಅಳು ತಂದು ನನ್ ಮನೇಲಿ ಹಾಕ್ತೀಯಾ? ಆಪ್ ಮಾಡ್ಲಾ ಅದ!”

ದೊಡ್ಡವ್ವ ಅಪ್ಪನ ಕಡೆ ನೋಡಿದರು. ಅಪ್ಪ ಕೈ ಕೈ ಉಜ್ಜಿಕೊಂಡ. “ಅತ್ತಿಗೆ, ನಂಗೂ... ಅಣ್ಣನ್ ದನಿ ಹಿಂಗಿರ್ನಿಲ್ಲ ಅನ್ನುಸ್ತದೆ. ಅಲ್ಲಿ ಅವನ್ ಜೊತೆಗಾರರದ್ದು ಕ್ಯಾಸೆಟ್ಟು ಅದ್ಲು ಬದ್ಲಾಗಿರಬೋದಾ?” ಎಂದವನು ತಟ್ಟನೆ ನನ್ನ ಕಡೆ ತಿರುಗಿದ. “ಏನ್ಲಾ, ದನಿ ಇಸ್ಯದಲ್ಲಿ ನಿನ್ಗಿಂತ ತಿಳ್ದೋರ್ಯಾರು? ನೀ ಹೇಳು. ಇದು ದೊಡ್ಡಪ್ಪಂದಾ, ಅಲ್ವಾ?”

ನನಗೆ ಗೊತ್ತಿತ್ತು. ‘ಓಯ್ತೀನಿ’ ಎಂಬಲ್ಲಿ ಎಳೆದ ರೀತಿ ನನ್ನ ಗೋದಾಮಿನ ಒಂಬತ್ತು ದಿನಗಳ ಗುರುವಿನದೇ. ಜೀವನದಲ್ಲಿ ಒಂದೇ ಒಂದು ಸಲ ನನ್ನ ವಿದ್ಯೆ ಯಾರಿಗಾದರೂ ಬೇಕಾಗಿತ್ತು. ದೊಡ್ಡವ್ವ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಜ್ಜಿಯ ಮುಖವೂ ಇತ್ತ ತಿರುಗಿತ್ತು, ಎತ್ತಿದ ತಲೆ, ಬಿಳಿಯಾದ ಕಣ್ಣು.

“ಗೊತ್ತಾಗ್ತಾ ಇಲ್ಲಪ್ಪ,” ಅಂದೆ.

ದೊಡ್ಡವ್ವ ಕ್ಯಾಸೆಟ್ಟನ್ನು ತಾವೇ ತೆಗೆದು, ಕವರಿನಲ್ಲಿ ಸುತ್ತಿ, ಚೀಲದ ತಳಕ್ಕೆ ಇಟ್ಟುಕೊಂಡರು. ಮೂರು ಗಂಟೆ ಬಸ್ಸಿಗೆ ಹೊರಟರು. ಇರು ಎಂದು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಚೀಲ ಹಿಡಿದುಕೊಂಡು ನಾನು ಹಿಂದೆ ಹೋದೆ.

ಬಸ್ ಸ್ಟಾಪಿನಲ್ಲಿ ಅವರು ಕಲ್ಲಿನ ಮುಂದೆ ನಿಂತು ಓದಿದರು. ಮಂಜು ಬಿದ್ದು ಅಕ್ಷರಗಳ ಒಳಗೆ ನೀರು ನಿಂತಿತ್ತು.

“ಇದ್ನ ಯಾರೋ ಭಾಷಣ ಮಾಡೋರು ಬರ್ಸವ್ರೆ ಅನ್ಕಂಡಿದ್ದೆ ಕಣಪ್ಪ. ನೀನೇ ಅಲ್ವಾ?”

“ಹೂಂ ದೊಡ್ಡವ್ವ.”

“ಅದ್ರಲ್ಲಿ ಮಾತಾಡಿರದೆಲ್ಲಾ?”

“ಎಲ್ಲಾ.” ಅಳಿಸಿದ್ದನ್ನು, ಕಲಿತದ್ದನ್ನು, ಲೋಟವನ್ನು ಹೇಳಿದೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಹೇಳಿದ್ದು. ಬೈಯುತ್ತಾರೆಂದು ಕಾದೆ.

“ಚೆನ್ನಾಗೇ ಮಾಡಿದ್ದೀಯ,” ಅಂದರು. “ಅತ್ತೆಗ್ ಕಳ್ಸಿದ್ರಲ್ಲ, ಅದು, ಅವ್ವನ್ ಮುಂದೆ ದನಿ ಗಟ್ಟಿಯಾಗಿ ಕೇಳ್ಬೇಕು ಅಂತ ನಾಕ್ ಸಲ ಪ್ರಾಕ್ಟೀಸ್ ಮಾಡ್ದೆ ಅಂತ ನಂಗ್ ಕಾಗದ ಬರ್ದಿದ್ರು. ಅವರ್ದೂ ನಾಟ್ಕವೇ. ಈ ಚೀಲದಲ್ಲಿರದು ಮಾತ್ರ ನಾಟ್ಕ ಅಲ್ಲ.” ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡರು. “ಒಳಗೆ ಹೇಳ್ಬೋದಿತ್ತು ನೀನು.”

“ಅಜ್ಜಿ...”

“ಗೊತ್ತು.”

“ಅದನ್ನ ಫೋನಿಗೆ ಕಾಪಿ ಮಾಡ್ಕೊಡ್ಲಾ ದೊಡ್ಡವ್ವ? ಕ್ಯಾಸೆಟ್ಟು ಹಾಳಾಗ್ಬೋದು.”

ಅವರು ತಲೆಯಾಡಿಸಿದರು. “ಬ್ಯಾಡ. ಇದ್ನೂ ಕಲ್ತ್ಕಬ್ಯಾಡ.”

ಬಸ್ಸು ಬಂತು. ಕಿಟಕಿಯಲ್ಲಿ ಅವರು ಕಾಣಿಸಲಿಲ್ಲ, ಆಚೆ ಮಗ್ಗುಲು ಕೂತಿದ್ದಿರಬೇಕು.

ಅದಾದ ಮೇಲೆ ನನಗೆ ಸಮಾಧಾನ ಎಂಬುದಿಲ್ಲ. ದೊಡ್ಡಪ್ಪನಿಗೆ ನಾವು ಋಣಿಗಳು ಎಂದು ಮೈಕಿನಲ್ಲಿ ಹೇಳುವುದನ್ನು ಕೇಳಿಯೇ ಬೆಳೆದವನು ನಾನು. ಹೇಳುವವರ ದನಿಯನ್ನೂ ಮಾಡಬಲ್ಲೆ. ಯಾರಿಗೆ ಋಣಿ ಎಂದು ಗೊತ್ತಾದದ್ದು ಈ ವರ್ಷ. ಚಳಿಯೇ ಇಲ್ಲ ಎಂದವರಿಗಲ್ಲ, ತಲೆ ಎತ್ತು ಎಂದವರಿಗಂತೂ ಅಲ್ಲ, ಅದು ನಾನು. ಬೆಳಗಾಗುವುದೇ ಬೇಡ ಎನ್ನಿಸಿಯೂ, ಬೆಳಗಾದ ಮೇಲೆ ಎದ್ದು ಹೋದವರಿಗೆ. ನನ್ನಂಥ ಪುಕ್ಕಲನಿಗೆ ಅದು ಎಷ್ಟು ದೊಡ್ಡದೆಂದು ಬೇರೆ ಯಾರಿಗೂ ತಿಳಿಯಲಾರದು. ಒಬ್ಬ ಮುದುಕಿಯ ಮುಂದೆ ಹೌದು ಎನ್ನಲು ನನ್ನ ಕೈಲಾಗಲಿಲ್ಲ. ಅವರಿಗೆ ಥ್ಯಾಂಕ್ಸ್ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಅವರಿಲ್ಲ, ಎಡೆಯಲ್ಲಿಲ್ಲ, ಬಸ್ ಸ್ಟಾಪಿನಲ್ಲಿಲ್ಲ. ಗೂಡಲೂರಿನ ಒಂದು ಕೋಣೆಯಲ್ಲಿದ್ದಾರೆ. ಅಲ್ಲಿಗೆ ಹೋಗುವ ಮುಖ ನನಗಿಲ್ಲ. ಎರಡು ಸಲ ಫೋನ್ ಮಾಡಿದೆ. ದೊಡ್ಡವ್ವ ಅಜ್ಜಿಯ ಆರೋಗ್ಯ ಕೇಳಿ ಇಟ್ಟರು.

ಕಲಿಯಬೇಡ ಅಂದಿದ್ದರು. ಕಲಿಯುವುದು ಬಿಡುವುದು ನನ್ನ ಕೈಯಲ್ಲಿಲ್ಲ. ಒಂದೇ ಸಲ ಕೇಳಿದ್ದು, ಆದರೂ ಹೊಕ್ಕುಬಿಟ್ಟಿದೆ. ನಾನೀಗ ಕ್ಯಾರೆಟ್ ತೊಳೆಯುವ ಕಡೆ ಕೆಲಸ ಮಾಡುತ್ತೇನೆ. ದೊಡ್ಡ ಡ್ರಮ್ಮು ತಿರುಗುತ್ತಾ, ನೀರು ಬೀಳುತ್ತಾ, ಮಣ್ಣಿನ ಕ್ಯಾರೆಟ್ಟುಗಳು ಒಳಗೆ ಉರುಳುವ ಗದ್ದಲದಲ್ಲಿ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ಕಳೆದ ವಾರ ಚೀಲ ಸುರಿಯುತ್ತಾ ಆ ದನಿ ತಾನೇ ಬಾಯಿಗೆ ಬಂತು. ಯಾರಿಗೂ ಕೇಳದು ಎಂದು ಬಿಟ್ಟೆ. “ಭಯ ಆಯ್ತದೆ ಕಣೆ,” ಎಂದು ಶುರು ಮಾಡಿ ಅಳುವವರೆಗೆ ಬಂದಿದ್ದೆ. ಕರೆಂಟು ಹೋಯಿತು. ಡ್ರಮ್ಮು ನಿಂತಿತು. ಆ ಅಳು ಶೆಡ್ಡಿನ ತುಂಬ ಕೇಳಿತು.

ಲಾರಿಗೆ ಚೀಲ ಏರಿಸುವ ಹಿರಿಯರೊಬ್ಬರು, ನನ್ನ ಮಿಮಿಕ್ರಿಗೆ ಎಲ್ಲರಿಗಿಂತ ಜೋರಾಗಿ ನಗುವವರು, ಆಗಲೇ ನಗಲು ಬಾಯಿ ತೆರೆದಿದ್ದರು. “ಯಾರ್ದೋ ಇದು? ಹೊಸ್ದಾ? ಇನ್ನೊಂದ್ ಸಲ ಮಾಡು ನೋಡೋಣ!”

“ನಮ್ ದೊಡ್ಡಪ್ಪಂದು,” ಅಂದೆ.

ಅವರ ಬಾಯಿ ಮುಚ್ಚಿತು. ಚೀಲ ಕೆಳಗಿಟ್ಟು ಎರಡೂ ಕೆನ್ನೆ ಮುಟ್ಟಿಕೊಂಡರು. “ಚೀ, ತಪ್ಪು ಕಣೋ. ಎಲ್ರನ್ನೂ ಮಾಡು, ನಂದೂ ಮಾಡು, ಬ್ಯಾಡ ಅನ್ನಲ್ಲ. ದೇಸಕ್ಕೆ ಸತ್ತೋರ್ನ ಹಂಗೆ ಅಳಿಸ್ಬಾರ್ದು.”

“ತಪ್ಪಾಯ್ತು ಅಣ್ಣ,” ಅಂದೆ.

ಕರೆಂಟು ಬಂತು. ಅವರು ಚೀಲ ಹೊತ್ತು ಹೋದರು. ನಾನು ಮುಂದಿನ ಚೀಲದ ಬಾಯಿ ಬಿಚ್ಚಿದೆ.